ಪದರ ಒಣಗುವವರೆಗೆ ಏನು ಮಾಡುತ್ತೀರಿ?

ಅಗಸೆ ಎಣ್ಣೆ:

ಒಂದು ಎಣ್ಣೆಬಣ್ಣದ ಚಿತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ಕುಂಚ ಕೈಯಲ್ಲಿದ್ದ ಹೊತ್ತನ್ನಷ್ಟೇ ಕೂಡಿದರೆ ಉತ್ತರ ಬಹಳ ಚಿಕ್ಕದು. ಚಿತ್ರ ಗೋಡೆಗೆ ಒರಗಿಕೊಂಡು ಸುಮ್ಮನೆ ಒಣಗುತ್ತಿದ್ದ ಹೊತ್ತನ್ನೂ ಸೇರಿಸಿದರೆ ತಿಂಗಳುಗಳಾಗುತ್ತವೆ. ಚಿತ್ರದ ದೊಡ್ಡ ತೀರ್ಮಾನಗಳೆಲ್ಲ ಆ ಸುಮ್ಮನಿದ್ದ ಹೊತ್ತಿನಲ್ಲೇ ಆಗುತ್ತವೆ ಎಂಬುದು ನನ್ನ ವಾದ. ಒಪ್ಪದವರು ಇದ್ದೇ ಇರುತ್ತೀರಿ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನನ್ನ ಸ್ಟುಡಿಯೋದಲ್ಲಿ ಯಾವಾಗಲೂ ನಾಲ್ಕೈದು ಕ್ಯಾನ್ವಾಸುಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಆಗತಾನೇ ಶುರುವಾಗಿರುತ್ತದೆ: ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣಕ್ಕೆ ಟರ್ಪೆಂಟೈನ್ ಎಂಬ ದ್ರಾವಕ ಬೆರೆಸಿ ತೆಳ್ಳಗೆ ಬಳಿದು, ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿ ತೆಗೆದ ಪದರ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನಗಳಲ್ಲಿ ಅದು ಬೆರಳಿಗೆ ಅಂಟದಷ್ಟು ಒಣಗುತ್ತದೆ. ಇನ್ನೊಂದು ನಡುವಿನಲ್ಲಿರುತ್ತದೆ. ಅದರಲ್ಲಿ ದಪ್ಪನೆಯ ಟೈಟಾನಿಯಂ ವೈಟ್ ಹಾಕಿದ್ದರೆ ವಾರ ಕಳೆದರೂ ಮುಟ್ಟುವಂತಿಲ್ಲ. ಮತ್ತೊಂದು ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಎಲ್ಲವನ್ನೂ ಮುಟ್ಟಿ ನೋಡುತ್ತೇನೆ. ಯಾವುದು ಒಣಗಿದೆಯೋ ಆ ದಿನದ ಕೆಲಸ ಅದರ ಮೇಲೆ. ನನಗೆ ಆ ದಿನ ಯಾವುದರ ಮೇಲೆ ಮನಸ್ಸಿದೆ ಎಂಬುದನ್ನು ಬಣ್ಣ ಕೇಳುವುದೇ ಇಲ್ಲ.

ಇದರಿಂದ ಒಂದು ದೊಡ್ಡ ಲಾಭವಿದೆ. ಒಂದೇ ಕ್ಯಾನ್ವಾಸಿನ ಮುಂದೆ ಹಗಲಿಡೀ ಕುಳಿತರೆ ಅದನ್ನು ಮುದ್ದು ಮಾಡುವ ಚಟ ಹತ್ತುತ್ತದೆ. ಚೆನ್ನಾಗಿ ಬಂದ ಒಂದು ಮೂಲೆಯನ್ನು ಉಳಿಸಿಕೊಳ್ಳಲು ಇಡೀ ಚಿತ್ರವನ್ನು ಬಲಿ ಕೊಡುತ್ತೇವೆ. ನಾಲ್ಕು ಚಿತ್ರಗಳು ಕಾಯುತ್ತಿದ್ದರೆ ಯಾವುದರ ಮೇಲೂ ಅಷ್ಟು ಮೋಹ ಉಳಿಯುವುದಿಲ್ಲ. ಪ್ಯಾಲೆಟ್ ಚಾಕುವಿನಿಂದ ಕೆರೆದು ತೆಗೆಯಲು ಕೈ ಹಿಂಜರಿಯುವುದಿಲ್ಲ.

ಇದೇನೂ ಹೊಸ ಕ್ರಮವಲ್ಲ. ವೆನಿಸ್‌ನ 16ನೆಯ ಶತಮಾನದ ಚಿತ್ರಕಾರ ಟಿಷಿಯನ್ ಮೊದಲ ಪದರಗಳನ್ನು ಬಳಿದ ಮೇಲೆ ಕ್ಯಾನ್ವಾಸನ್ನು ಗೋಡೆಗೆ ತಿರುಗಿಸಿ, ಕೆಲವೊಮ್ಮೆ ತಿಂಗಳುಗಟ್ಟಲೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ. ಆಮೇಲೆ ಅದನ್ನು ಹೊರಳಿಸಿ, ಎದುರಿಗಿರುವುದು ತನ್ನ ಪರಮ ವೈರಿಯೇನೋ ಎಂಬಂತೆ ತಪ್ಪು ಹುಡುಕುತ್ತಿದ್ದನಂತೆ. ಇದನ್ನು ಹೇಳಿದವನು ಚಿತ್ರಕಾರ ಕಿರಿಯ ಪಾಲ್ಮಾ, ಬರೆದಿಟ್ಟವನು 17ನೆಯ ಶತಮಾನದ ಲೇಖಕ ಬೊಸ್ಕಿನಿ.

ನೀವು ಯಾವ ಮಾಧ್ಯಮದಲ್ಲಿ ಕೆಲಸ ಮಾಡುತ್ತೀರಿ? ಕಾಯುವ ಹೊತ್ತು ನಿಮಗೆ ಸಿಗುತ್ತದೆಯೇ?

ಬೇಗ ಒಣಗುವ ಬಣ್ಣ:

ಒಪ್ಪದವರ ಸಾಲಿನಲ್ಲಿ ನನ್ನನ್ನು ಮೊದಲು ನಿಲ್ಲಿಸಿ. ನಾನು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣದಲ್ಲಿ ಕೆಲಸ ಮಾಡುವವಳು. ತೆಳುವಾದ ಪದರ ಹತ್ತಿಪ್ಪತ್ತು ನಿಮಿಷಗಳಲ್ಲಿ ಒಣಗುತ್ತದೆ, ತಕ್ಷಣ ಅದರ ಮೇಲೆ ಇನ್ನೊಂದು ಹಾಕುತ್ತೇನೆ. ಬೆಳಿಗ್ಗೆ ಹೊಳೆದ ಯೋಚನೆಯನ್ನು ಮಧ್ಯಾಹ್ನದೊಳಗೆ ಪರೀಕ್ಷಿಸಿ, ಅದು ಕೆಲಸಕ್ಕೆ ಬಾರದ್ದು ಎಂದು ಸಂಜೆಗೆ ಮುಚ್ಚಿ ಹಾಕಬಹುದು. ನೀವು ಅದೇ ತೀರ್ಮಾನಕ್ಕೆ ಬರಲು ಮೂರು ವಾರ ತೆಗೆದುಕೊಂಡು, ಆಮೇಲೆ ಆ ಮೂರು ವಾರಗಳನ್ನು ಚಿಂತನೆ ಎಂದು ಕರೆಯುತ್ತೀರಿ. ಎಣ್ಣೆಯ ಸ್ವಭಾವಕ್ಕೆ ನೀವು ಒಂದು ತತ್ತ್ವ ಕಟ್ಟಿಕೊಟ್ಟಿದ್ದೀರಿ, ಅಷ್ಟೇ.

ಇನ್ನೊಂದು ಮಾತು. ಕಾಯುವುದರಿಂದ ಕಾವು ಆರುತ್ತದೆ. ಒಂದು ಹಸಿರು ಪಕ್ಕದ ಕೆಂಪಿನ ಜೊತೆ ಜಗಳಕ್ಕೆ ನಿಂತಿರುವಾಗ ಆ ಜಗಳ ಬಿಡಿಸುವ ಕ್ಷಣ ಅದೇ. ಹತ್ತು ದಿನ ಬಿಟ್ಟು ಬಂದರೆ ಜಗಳ ಯಾಕೆ ಶುರುವಾಯಿತು ಎಂಬುದೇ ನನಗೆ ನೆನಪಿರುವುದಿಲ್ಲ. ಇದ್ದದ್ದನ್ನು ಸರಿ ಎಂದು ಒಪ್ಪಿಕೊಂಡುಬಿಡುತ್ತೇನೆ.

ಅಕ್ರಿಲಿಕ್‌ನ ತಾಪತ್ರಯಗಳೂ ಇವೆ, ಮುಚ್ಚಿಡುವುದಿಲ್ಲ. ಒದ್ದೆ ಇದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ಕಪ್ಪಾಗುತ್ತದೆ. ಬಣ್ಣವನ್ನು ಹಿಡಿದಿಟ್ಟಿರುವ ಎಮಲ್ಷನ್ ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿದ್ದು, ನೀರು ಹೋದ ಮೇಲೆ ಪಾರದರ್ಶಕವಾಗುವುದೇ ಅದಕ್ಕೆ ಕಾರಣ. ಹಾಗಾಗಿ ಬೇಕಾದ್ದಕ್ಕಿಂತ ತುಸು ತಿಳಿಯಾಗಿ ಕಲಸಲು ಕೈ ಕಲಿಯಬೇಕು. ಮೃದುವಾದ ಅಂಚುಗಳಿಗಾಗಿ, ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಬೆರೆಸುತ್ತೇನೆ. ಪ್ಯಾಲೆಟ್ಟಿನ ಕೆಳಗೆ ಒದ್ದೆ ಸ್ಪಂಜು ಇಡುತ್ತೇನೆ. ಆದರೆ ಇದರಿಂದ ಸಿಗುವ ವೇಗವನ್ನು ಯಾವ ಎಣ್ಣೆಗೂ ಬಿಟ್ಟುಕೊಡಲಾರೆ.

ಒದ್ದೆ ಕಾಗದ:

ನೀವಿಬ್ಬರೂ ಅದೃಷ್ಟವಂತರು, ಇಬ್ಬರಿಗೂ ಮುಚ್ಚಿ ಹಾಕುವ ದಾರಿಯಿದೆ. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದ. ಅದನ್ನು ಕಳೆದುಕೊಂಡರೆ ಮತ್ತೆ ಪೂರ್ತಿ ಸಿಗುವುದಿಲ್ಲ. ನಾನು ಕಾಯುವುದು ಕುಂಚ ಅದ್ದುವ ಮೊದಲು. ಸಣ್ಣ ಸಣ್ಣ ಚೌಕಗಳಲ್ಲಿ ಪೆನ್ಸಿಲಿನಿಂದ ನೆರಳು-ಬೆಳಕು ಹಂಚಿ ನೋಡುತ್ತೇನೆ; ಎಲ್ಲಿ ಕಾಗದ ಉಳಿಯಬೇಕು, ಯಾವ ಅಂಚು ಕರಗಬೇಕು, ಯಾವುದು ಗಟ್ಟಿಯಾಗಿರಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ಆಮೇಲಿನ ಬಣ್ಣದ ಕೆಲಸ ಅರ್ಧ ಗಂಟೆಯದ್ದೂ ಆಗಬಹುದು.

ಆ ಅರ್ಧ ಗಂಟೆಯೊಳಗೆ ಇನ್ನೊಂದು ಕಾಯುವಿಕೆ ಇದೆ, ಅದು ನಿಮಿಷಗಳದ್ದು. ಕಾಗದದ ಮೇಲೆ ನೀರು ಹೊಳೆಯುತ್ತಿರುವಾಗ ಬಣ್ಣ ಬಿಟ್ಟರೆ ಅದು ತಾನಾಗಿ ಹರಡುತ್ತದೆ. ಹೊಳಪು ಮಾಯುವ ಹೊತ್ತಿನಲ್ಲಿ ಬಿಟ್ಟರೆ ಹರಡಿಯೂ ಅಲ್ಲೇ ನಿಲ್ಲುತ್ತದೆ. ಹೊಳಪು ಹೋದ ಮೇಲೆ, ಕಾಗದ ಇನ್ನೂ ತಣ್ಣಗಿರುವಾಗ, ನೀರು ಹೆಚ್ಚಾದ ಕುಂಚ ತಾಗಿಸಿದರೆ ಆ ನೀರು ಒಣಗುತ್ತಿದ್ದ ಬಣ್ಣವನ್ನು ಹೊರಗೆ ದಬ್ಬಿ ಅಂಕುಡೊಂಕಾದ ಅಂಚನ್ನು ಮೂಡಿಸುತ್ತದೆ. ಹೊಸಬರ ಆಕಾಶಗಳೆಲ್ಲ ಹಾಳಾಗುವುದು ಇಲ್ಲಿಯೇ. ಕಾಗದವನ್ನು ಓರೆಯಾಗಿ ಹಿಡಿದು ಅದರ ಹೊಳಪನ್ನೇ ನೋಡುತ್ತಾ ಕುಳಿತುಕೊಳ್ಳುವುದು ನಮ್ಮ ಕಾಯುವ ಬಗೆ. ಮತ್ತೆ, ಅಕ್ರಿಲಿಕ್ ಕಪ್ಪಾಗುತ್ತದೆ ಎಂದಿರಿ. ನಮ್ಮದು ಒಣಗಿದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ಒದ್ದೆಯಲ್ಲಿ ಅತಿಯಾಯಿತು ಅನ್ನಿಸುವಷ್ಟು ಗಾಢವಾಗಿ ಹಾಕುವ ಧೈರ್ಯ ಬೇಕು.

ಬಣ್ಣದ ಪುಡಿ:

ವಸ್ತುಗಳ ವಿಷಯ ಬಂದಾಗ ನಾನು ಬಾಯಿ ಹಾಕದೆ ಇರಲಾರೆ, ಹಳೆಯ ಚಿತ್ರಗಳ ದುರಸ್ತಿ ಮಾಡುವವರ ಜೊತೆ ಕೆಲಸ ಮಾಡಿದ ಅಭ್ಯಾಸ.

ಎಣ್ಣೆ ಬಣ್ಣ ಒಣಗುತ್ತದೆ ಎಂದು ಹೇಳುತ್ತೇವೆ, ಆದರೆ ಅಲ್ಲಿ ಎಣ್ಣೆ ಆವಿಯಾಗಿ ಹೋಗುವುದಿಲ್ಲ. ಬಣ್ಣದ ಪುಡಿಯನ್ನು ಕಲಸಿದ ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾದ ಬಲೆಯಂತಹ ಪೊರೆಯಾಗುತ್ತದೆ. ಈ ಹಂತದಲ್ಲಿ ಪೊರೆಯ ತೂಕ ಹೆಚ್ಚುತ್ತದೆ ಎಂದರೆ ಹಲವರು ನಂಬುವುದಿಲ್ಲ. ಮೇಲ್ಪದರ ಬೆರಳಿಗೆ ಅಂಟದಿರುವುದು ಆರಂಭ ಮಾತ್ರ. ಒಳಗಿನ ಕ್ರಿಯೆ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ವಾರ್ನಿಷ್ ಬಳಿಯಲು ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಎನ್ನುವ ಹಳೆಯ ನಿಯಮ ಬಂದದ್ದು ಹೀಗೆ. ಪ್ರತಿ ಪದರದಲ್ಲೂ ಕೆಳಗಿನದಕ್ಕಿಂತ ಎಣ್ಣೆಯ ಅಂಶ ಹೆಚ್ಚಿರಬೇಕು ಎಂಬುದರ ಹಿನ್ನೆಲೆಯೂ ಇದೇ. ಕೆಳಗೆ ಎಣ್ಣೆ ತುಂಬಿದ ಮೆತ್ತನೆಯ ಪದರ, ಮೇಲೆ ಬೇಗ ಬಿಗಿಯಾಗುವ ತೆಳು ಪದರ ಇದ್ದರೆ, ಕೆಳಗಿನದು ಅಲುಗಾಡಿದಾಗಲೆಲ್ಲ ಮೇಲಿನದು ಬಿರುಕು ಬಿಡುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆ ಬಳಿಯಬಹುದು; ಎಣ್ಣೆಯ ಮೇಲೆ ಅಕ್ರಿಲಿಕ್ ಸರಿಯಾಗಿ ಅಂಟದು, ಹಾಗಾಗಿ ಕೂಡದು.

ಅಗಸೆ ಎಣ್ಣೆಯವರಿಗೆ ಒಂದು ತಕರಾರು. ಟಿಷಿಯನ್ ಗೋಡೆಗೆ ತಿರುಗಿಸಿದ ಕತೆ ಚೆನ್ನಾಗಿದೆ, ಆದರೆ ಅಗಸೆ ಎಣ್ಣೆಯ ಪೊರೆ ಕತ್ತಲಿನಲ್ಲಿ ಹಳದಿಗೆ ತಿರುಗುತ್ತದೆ. ತಿಂಗಳುಗಟ್ಟಲೆ ಮುಖ ಮುಚ್ಚಿ ಇಟ್ಟ ಚಿತ್ರವನ್ನು ಹೊರಳಿಸಿದರೆ ಬಿಳಿ, ತಿಳಿ ನೀಲಿಗಳು ಮಾಸಿದಂತೆ ಕಾಣುತ್ತವೆ. ಹೆದರಬೇಕಾಗಿಲ್ಲ, ಕೆಲವು ದಿನ ಬೆಳಕಿನಲ್ಲಿಟ್ಟರೆ ಆ ಹಳದಿ ಬಹುಪಾಲು ಇಳಿಯುತ್ತದೆ. ಆದರೆ ಹೊರಳಿಸಿದ ಕ್ಷಣವೇ ಬಣ್ಣ ತಿದ್ದಲು ಹೋಗಬೇಡಿ. ಇನ್ನೆರಡು ವಾರಕ್ಕೆ ಇರದ ಹಳದಿಯನ್ನು ತಿದ್ದುತ್ತಿರುತ್ತೀರಿ.

ಅಗಸೆ ಎಣ್ಣೆ:

ಪುಡಿಯವರ ತಕರಾರನ್ನು ಸ್ವಾಗತಿಸುತ್ತೇನೆ. ಗೋಡೆಗೆ ತಿರುಗಿಸುವುದರ ಉದ್ದೇಶ ಚಿತ್ರ ನನ್ನ ಕಣ್ಣಿಗೆ ಬೀಳದಿರಲಿ ಎನ್ನುವುದಷ್ಟೇ. ಬೆಳಕಿರುವ ಪಕ್ಕದ ಕೋಣೆಯಲ್ಲಿ ಇಟ್ಟರೂ ಅದೇ ಫಲ. ಇನ್ನು ಮುಂದೆ ಹಾಗೆಯೇ ಮಾಡಬಹುದು.

ಬೇಗ ಒಣಗುವ ಬಣ್ಣದವರು ಕಾವು ಆರುವ ಮಾತು ಹೇಳಿದರು. ನನಗೆ ಆರಬೇಕಾಗಿರುವುದೇ ಆ ಕಾವು. ಬಣ್ಣ ಹಾಕುವಾಗ ನಾನು ನೋಡುವುದು ನನ್ನ ಉದ್ದೇಶವನ್ನು. ಈ ನೀಲಿ ದೂರ ಸರಿಯಲಿ ಎಂದು ಹಾಕಿದ್ದರೆ ಅದು ದೂರ ಸರಿದಂತೆಯೇ ಕಾಣುತ್ತದೆ. ಹತ್ತು ದಿನ ಕಳೆದ ಮೇಲೆ ಉದ್ದೇಶ ಮರೆತಿರುತ್ತದೆ, ಬರೀ ನೀಲಿ ಉಳಿದಿರುತ್ತದೆ. ಅದು ಸರಿಯದೆ ಮುಂದೆ ಬಂದು ಕೂತಿರುವುದು ಆಗ ಗೊತ್ತಾಗುತ್ತದೆ. ಜಗಳ ಯಾಕೆ ಶುರುವಾಯಿತು ಎಂಬುದು ನೆನಪಿರುವುದಿಲ್ಲ ಎಂದಿರಿ. ನೋಡುವವರಿಗೂ ಅದು ಗೊತ್ತಿರುವುದಿಲ್ಲವಲ್ಲ! ಚಿತ್ರ ನಿಲ್ಲಬೇಕಾಗಿರುವುದು ಅವರ ಮುಂದೆ.

ಇಷ್ಟಾಗಿಯೂ ನಿಮ್ಮ ಮಾತಿನಲ್ಲಿ ಹುರುಳಿದೆ. ಒದ್ದೆಯ ಮೇಲೆ ಒದ್ದೆ ಹಾಕಿ ಒಂದೇ ಬೈಠಕ್ಕಿನಲ್ಲಿ ಮುಗಿಸಬೇಕಾದ ಚಿತ್ರಗಳೂ ಇರುತ್ತವೆ. ಅಂಥವನ್ನು ಒಣಗಲು ಬಿಟ್ಟು ಮರುದಿನ ತಿದ್ದಲು ಹೋದರೆ ಆ ತೇಪೆ ಎದ್ದು ಕಾಣುತ್ತದೆ.

ಸಂಜೆ ಏಳರ ನಂತರ:

ನಿಮ್ಮೆಲ್ಲರ ಮಾತು ಓದುತ್ತಾ ಸಂತೋಷವೂ ಹೊಟ್ಟೆಕಿಚ್ಚೂ ಒಟ್ಟಿಗೆ ಆಗುತ್ತಿವೆ. ನನಗೆ ಸ್ಟುಡಿಯೋ ಇಲ್ಲ, ಮಲಗುವ ಕೋಣೆಯ ಒಂದು ಮೂಲೆ ಇದೆ. ಕಚೇರಿ ಮುಗಿಸಿ ಬಂದ ಮೇಲೆ ಒಂದೂವರೆ, ಎರಡು ಗಂಟೆ ಸಿಗುತ್ತದೆ. ಅದರಲ್ಲಿ ಬಣ್ಣ ಹೊರತೆಗೆದು ಜೋಡಿಸಲು, ಕೊನೆಗೆ ಕುಂಚ ತೊಳೆಯಲು ಅರ್ಧ ಹೊತ್ತು ಹೋಗುತ್ತದೆ. ರಾತ್ರಿ ದೀಪದಲ್ಲಿ ಚೆನ್ನಾಗಿ ಕಂಡ ಚಿತ್ರ ಬೆಳಿಗ್ಗೆ ನೋಡಿದರೆ ಬೇರೆಯದೇ ಆಗಿರುತ್ತದೆ. ಮೂರು ದಿನ ಬಿಡುವು ಸಿಗದಿದ್ದರೆ ನಾಲ್ಕನೆಯ ದಿನ ಕ್ಯಾನ್ವಾಸಿನ ಮುಂದೆ ಪರಕೀಯನಂತೆ ನಿಲ್ಲುತ್ತೇನೆ. ನನ್ನಂಥವರಿಗೆ ಕಾಯುವುದು ಕಲಿಸಬೇಕಾಗಿಲ್ಲ. ಶುರು ಮಾಡುವುದನ್ನು ಯಾರಾದರೂ ಹೇಳಿಕೊಡಿ.

ಅಗಸೆ ಎಣ್ಣೆ:

ನಿಮ್ಮ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ. ಸ್ಟುಡಿಯೋ ಕೆಲಸ ಎಂದರೆ ನಿಜಕ್ಕೂ ಇವೇ ಸಂಗತಿಗಳು. ಪ್ರೇರಣೆ, ಪ್ರತಿಭೆ ಇತ್ಯಾದಿಗಳನ್ನು ಭಾಷಣಕಾರರಿಗೆ ಬಿಡೋಣ.

ಮೊದಲು ದೀಪ. ಹಳದಿ ದೀಪದ ಕೆಳಗೆ ಹಳದಿಯೇ ಕಾಣಿಸುವುದಿಲ್ಲ, ಅದಕ್ಕಾಗಿ ಹೆಚ್ಚು ಹಾಕುತ್ತೀರಿ, ಬೆಳಿಗ್ಗೆ ಚಿತ್ರ ಅರಸಿನದಲ್ಲಿ ಅದ್ದಿದಂತೆ ಕಾಣುತ್ತದೆ. ಸುಮಾರು 5000 ಕೆಲ್ವಿನ್‌ನ, ಅಂದರೆ ಹಗಲಿನಂಥ ಬಿಳಿ ಬೆಳಕಿನ ಎಲ್ಇಡಿ ದೀಪ ಹಾಕಿಕೊಳ್ಳಿ. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂದು ಬರೆದ ಅಂಕಿ 90 ದಾಟಿರಲಿ. ಬಣ್ಣಗಳು ಹಗಲಿನಲ್ಲಿ ಇದ್ದಂತೆ ಕಾಣುತ್ತವೆಯೇ ಎಂಬುದರ ಅಳತೆ ಅದು. ಪ್ಯಾಲೆಟ್ ಮತ್ತು ಕ್ಯಾನ್ವಾಸ್ ಎರಡರ ಮೇಲೂ ಒಂದೇ ದೀಪದ ಬೆಳಕು ಬೀಳಲಿ. ತೀರಾ ಪ್ರಖರ ಬೆಳಕೂ ಬೇಡ. ಝಗಝಗಿಸುವ ಬೆಳಕಿನಲ್ಲಿ ಬರೆದ ಚಿತ್ರ ಸಾಧಾರಣ ಕೋಣೆಯಲ್ಲಿ ತೂಗುಹಾಕಿದರೆ ಮಂಕಾಗಿ, ಕಪ್ಪಾಗಿ ಕಾಣುತ್ತದೆ. ಉತ್ತರ ಗೋಳಾರ್ಧದ ಚಿತ್ರಕಾರರು ಉತ್ತರದ ಕಿಟಕಿಗಾಗಿ ಹಾತೊರೆಯುತ್ತಿದ್ದದ್ದು ಅಲ್ಲಿ ನೇರ ಬಿಸಿಲು ಹೆಚ್ಚಾಗಿ ಬೀಳದೆ ಹಗಲೆಲ್ಲ ಒಂದೇ ಬಗೆಯ ಬೆಳಕು ಸಿಗುತ್ತದೆಂದು. ನಿಮ್ಮ ದೀಪ ರಾತ್ರಿಯೆಲ್ಲ ಒಂದೇ ಬಗೆಯಾಗಿರುತ್ತದೆ, ಆ ಮಟ್ಟಿಗೆ ನೀವು ಅವರಿಗಿಂತ ಮೇಲು.

ಎರಡನೆಯದು ಬಣ್ಣಗಳ ಸಂಖ್ಯೆ. ಇಪ್ಪತ್ತು ಟ್ಯೂಬ್ ಜೋಡಿಸಬೇಡಿ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್ಟಿನಲ್ಲಿ ಇರುವುದು ನಾಲ್ಕೇ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕೆಂಪು), ಐವರಿ ಬ್ಲ್ಯಾಕ್ (ಕಪ್ಪು), ಬಿಳಿ. ವರ್ಮಿಲಿಯನ್ ಬದಲು ಈಗ ಕ್ಯಾಡ್ಮಿಯಂ ರೆಡ್ ಹಾಕುತ್ತಾರೆ. ಕಪ್ಪಿಗೆ ಬಿಳಿ ಬೆರೆಸಿ ಓಕರ್ ಮತ್ತು ಕೆಂಪಿನ ಪಕ್ಕದಲ್ಲಿಟ್ಟು ನೋಡಿ, ಅದು ನೀಲಿಯಂತೆ ಕಾಣುತ್ತದೆ. ಪಕ್ಕದ ಬಣ್ಣ ನಮ್ಮ ಕಣ್ಣಿನ ತೀರ್ಪನ್ನು ಬದಲಿಸುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲಿಯೇ ವಿವರವಾಗಿ ಬರೆದಿದ್ದ. ಆತ ನೇಯ್ಗೆಯ ಕಾರ್ಖಾನೆಯೊಂದರಲ್ಲಿ ಬಣ್ಣ ಅದ್ದುವ ವಿಭಾಗದ ಮುಖ್ಯಸ್ಥ. ಕಪ್ಪು ದಾರ ಮಂಕಾಗಿದೆ ಎಂಬ ದೂರು ಬಂದಾಗ ಪರೀಕ್ಷಿಸಿ, ದೋಷ ದಾರದಲ್ಲಿಲ್ಲ, ಪಕ್ಕದ ಬಣ್ಣದಲ್ಲಿದೆ ಎಂದು ಕಂಡುಕೊಂಡ. ನಾಲ್ಕು ಬಣ್ಣಗಳಿದ್ದರೆ ಜೋಡಿಸಲೂ ಐದು ನಿಮಿಷ ಸಾಕು. ಉಳಿದ ಬಣ್ಣವನ್ನು ಗಾಜಿನ ಮೇಲೆಯೇ ಬಿಟ್ಟು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಹಾಗೆಯೇ ಇರುತ್ತದೆ.

ಇನ್ನು ಶುರು ಮಾಡುವ ಕಷ್ಟ. ಸಂಜೆಯ ಕೆಲಸ ನಿಲ್ಲಿಸುವಾಗ ಎಲ್ಲ ಮುಗಿಸಿ ಎದ್ದೇಳಬೇಡಿ. ಮುಂದೆ ಏನು ಮಾಡಬೇಕೆಂದು ಖಚಿತವಾಗಿ ಗೊತ್ತಿರುವ ಜಾಗದಲ್ಲಿ ನಿಲ್ಲಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾನ್ವಾಸಿನ ಹಿಂಬದಿಗೆ ಅಂಟಿಸಿ. "ಎಡಭುಜದ ಅಂಚು ಗಟ್ಟಿಯಾಗಿದೆ, ಹಿನ್ನೆಲೆಯೊಳಗೆ ಕರಗಿಸು." ಇಷ್ಟು ಸಾಕು. ಮೂರು ದಿನ ಬಿಟ್ಟು ಬಂದರೂ ಆ ಭುಜದಿಂದ ಕೈ ಶುರುವಾಗುತ್ತದೆ, ಮನಸ್ಸು ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಮುಟ್ಟದ ದಿನಗಳಲ್ಲೂ ಎರಡು ನಿಮಿಷ ನೋಡಿ. ಕನ್ನಡಿಯಲ್ಲಿ ನೋಡಿ. ಚಿತ್ರ ಬರೆಯುವಾಗ ಪಕ್ಕದಲ್ಲಿ ಸಪಾಟಾದ ಕನ್ನಡಿ ಇಟ್ಟುಕೊಳ್ಳಿ, ಎಡಬಲ ತಿರುಗಿದ ಚಿತ್ರ ಬೇರೆಯವರು ಬರೆದಂತೆ ಕಾಣುತ್ತದೆ, ತಪ್ಪು ಬೇಗ ಸಿಗುತ್ತದೆ ಎಂದು ಲಿಯೊನಾರ್ಡೊ ತನ್ನ ಟಿಪ್ಪಣಿಗಳಲ್ಲಿ ಬರೆದುಕೊಂಡಿದ್ದಾನೆ. ನಡುನಡುವೆ ಕೆಲಸ ಬಿಟ್ಟು ಎದ್ದು ಹೋಗಿ ಬಾ ಎಂಬ ಸಲಹೆಯೂ ಅವನದೇ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದರೆ ನೆರಳು-ಬೆಳಕಿನ ಲೆಕ್ಕ ತಪ್ಪಿದ ಜಾಗ ಒಡನೆ ಗೊತ್ತಾಗುತ್ತದೆ. ಬಣ್ಣಕ್ಕೆ ಮಾತ್ರ ಮೊಬೈಲನ್ನು ನಂಬಬೇಡಿ.

ಭಾವಚಿತ್ರ:

ಕಾಯುವುದರ ಬಗ್ಗೆ ಇಷ್ಟು ಚೆಂದದ ಮಾತುಗಳನ್ನು ಆಡುವವರಿಗೆ ಗಿರಾಕಿಗಳಿಲ್ಲ ಎಂದು ಕಾಣುತ್ತದೆ. ನನ್ನ ಜೀವನ ನಡೆಯುವುದು ಬೇಡಿಕೆಯ ಭಾವಚಿತ್ರಗಳಿಂದ. ಕುಳಿತುಕೊಳ್ಳುವವರಿಗೆ ಪುರುಸೊತ್ತಿಲ್ಲ, ಕೊಡಬೇಕಾದ ದಿನ ಮೊದಲೇ ಗೊತ್ತಾಗಿರುತ್ತದೆ. ಹಾಗಾಗಿ ಕೆಳಗಿನ ಪದರಗಳಿಗೆ ಆಲ್ಕಿಡ್ ಎಂಬ ಬೇಗ ಒಣಗುವ ಮಾಧ್ಯಮ ಬೆರೆಸುತ್ತೇನೆ, ಬಹುತೇಕ ಬಣ್ಣಗಳು ಒಂದು ದಿನದಲ್ಲಿ ಮುಟ್ಟುವಂತಾಗುತ್ತವೆ. ಮೇಲೆ ಅಗಸೆ ಎಣ್ಣೆ. ಪುಡಿಯವರ ನಿಯಮಕ್ಕೂ ಭಂಗವಿಲ್ಲ.

ಜೀವಂತ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡವನಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ನೀವು ಕಾಯುತ್ತಿರುವಾಗ ನೀವು ಬರೆಯುತ್ತಿರುವ ವಸ್ತು ಕಾಯುವುದಿಲ್ಲ. ಎರಡನೆಯ ಬಾರಿ ಬಂದಾಗ ಅವರ ಕೂದಲು ಬೇರೆ, ನಿದ್ದೆಗೆಟ್ಟ ಕಣ್ಣು ಬೇರೆ, ನನ್ನ ಬಗ್ಗೆ ಇದ್ದ ಸಂಕೋಚವೂ ಹೋಗಿರುತ್ತದೆ. ಮೊದಲ ದಿನದ ಮುಖವನ್ನು ಉಳಿಸಿಕೊಳ್ಳಬೇಕೋ ಈ ದಿನದ ಮುಖವನ್ನು ಬರೆಯಬೇಕೋ? ಫ್ರಾನ್ಸಿನ ಚಿತ್ರಕಾರ ಸೆಜಾನ್ ತನ್ನ ಚಿತ್ರಗಳ ವ್ಯಾಪಾರಿ ವೊಲಾರ್‌ನ ಭಾವಚಿತ್ರಕ್ಕಾಗಿ 1899ರಲ್ಲಿ ಅವನನ್ನು ನೂರಕ್ಕೂ ಹೆಚ್ಚು ಸಲ ಕೂರಿಸಿಕೊಂಡು, ಕೊನೆಗೆ ಕೆಲಸ ಬಿಟ್ಟು, ಅಂಗಿಯ ಎದೆಭಾಗ ಪರವಾಗಿಲ್ಲ ಎಂದನಂತೆ. ವೊಲಾರ್‌ನೇ ಇದನ್ನು ಹೇಳಿಕೊಂಡಿದ್ದಾನೆ. ಹೂವುಗಳು ಬಾಡುವ ವೇಗಕ್ಕೆ ತನ್ನ ಕೈ ಹೊಂದದೆ ಸೆಜಾನ್ ಕಾಗದದ ಹೂವುಗಳನ್ನು ಇಟ್ಟುಕೊಂಡು ಬರೆದದ್ದೂ ಉಂಟು. ನನ್ನ ಗಿರಾಕಿಗಳು ನೂರು ಸಲ ಇರಲಿ, ನಾಲ್ಕನೆಯ ಸಲಕ್ಕೇ ಗಡಿಯಾರ ನೋಡುತ್ತಾರೆ.

ನನ್ನ ಉಪಾಯ ಇದು. ಅವರು ಎದುರಿಗಿರುವಾಗ ಕಣ್ಣು, ಬಾಯಿಯ ಅಂಚು, ತಲೆ ಕತ್ತಿನ ಮೇಲೆ ಕುಳಿತಿರುವ ರೀತಿ ಇಷ್ಟೇ. ಬಟ್ಟೆ, ಕೈ, ಹಿನ್ನೆಲೆಗಳೆಲ್ಲ ಅವರು ಹೋದ ಮೇಲೆ. ಹೋದ ಮೇಲೆ ಮುಖವನ್ನು ಮುಟ್ಟುವುದಿಲ್ಲ. ನೆನಪಿನಿಂದ ಮುಖ ತಿದ್ದಲು ಹೊರಟರೆ ಅದು ನನಗೆ ಅಭ್ಯಾಸವಾದ ಯಾವುದೋ ಮುಖದ ಕಡೆಗೆ ಜಾರುತ್ತದೆ.

ಬೇಗ ಒಣಗುವ ಬಣ್ಣ:

ಭಾವಚಿತ್ರದವರ ಕೊನೆಯ ಮಾತು ಬಹಳ ಸರಿ. ಕಾಯುತ್ತಾ ನೋಡುತ್ತಾ ಕುಳಿತರೆ ಚಿತ್ರ ಕೂಡ ಹಾಗೆಯೇ ನಮಗೆ ಅಭ್ಯಾಸವಾದದ್ದರ ಕಡೆಗೆ ಜಾರುತ್ತದೆ ಎಂಬುದು ನನ್ನ ಭಯ. ಪ್ರತಿ ಬಾರಿ ಗೋಡೆಯಿಂದ ಹೊರಳಿಸಿದಾಗಲೂ ಒಂದಿಷ್ಟು ಒರಟನ್ನು ನಯಗೊಳಿಸುತ್ತೀರಿ. ಕೊನೆಗೆ ಎಲ್ಲವೂ ನಯವಾಗಿ, ಯಾರಿಗೂ ಬೇಡವಾದ ಚಿತ್ರ ಉಳಿಯುತ್ತದೆ.

ಫ್ರಾನ್ಸಿನ ಚಿತ್ರಕಾರ ಬೊನಾರ್‌ನನ್ನು ನೋಡಿ. ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿಯದೆ ಗೋಡೆಗೆ ಮೊಳೆ ಹೊಡೆದು ಹಲವನ್ನು ಒಟ್ಟಿಗೆ ಬರೆಯುತ್ತಿದ್ದ, ವರ್ಷಗಟ್ಟಲೆ ತಿದ್ದುತ್ತಿದ್ದ. ವಸ್ತುಸಂಗ್ರಹಾಲಯದಲ್ಲಿ ಆಗಲೇ ತೂಗುಹಾಕಿದ್ದ ತನ್ನ ಚಿತ್ರವನ್ನು ಕಾವಲುಗಾರನ ಕಣ್ಣು ತಪ್ಪಿಸಿ ತಿದ್ದಿದ ಎಂಬ ಕತೆಯೂ ಇದೆ. ಅವನ ಬಣ್ಣ ನನಗೆ ಪ್ರಾಣ, ಆದರೆ ಈ ರೋಗ ಎಲ್ಲರಿಗೂ ಅಂಟುವುದು ಬೇಡ. ಮುಗಿಸುವುದೂ ಒಂದು ಕಸುಬು. ನಾನು ಒಂದು ಗಾತ್ರದ ಹಲವು ಬೋರ್ಡುಗಳನ್ನು ಸಿದ್ಧ ಮಾಡಿಟ್ಟುಕೊಂಡು, ತಿದ್ದಬೇಕೆನ್ನಿಸಿದರೆ ಅದೇ ಚಿತ್ರವನ್ನು ಮುಂದಿನ ಬೋರ್ಡಿನಲ್ಲಿ ಹೊಸದಾಗಿ ಬರೆಯುತ್ತೇನೆ. ಹಳೆಯದು ತನ್ನ ತಪ್ಪುಗಳೊಡನೆ ಇದ್ದಹಾಗೇ ಉಳಿಯುತ್ತದೆ. ಎರಡನ್ನೂ ಪಕ್ಕದಲ್ಲಿ ಇಟ್ಟರೆ ಮೊದಲನೆಯದೇ ಚೆನ್ನಾಗಿದೆ ಅನ್ನಿಸುವುದು ಎಷ್ಟೋ ಸಲ.

ಅಗಸೆ ಎಣ್ಣೆ:

ಇದು ಒಳ್ಳೆಯ ಪೆಟ್ಟು. ನಯವಾಗುವ ಅಪಾಯ ನಿಜ. ಅದಕ್ಕೆ ನಾನು ಇಟ್ಟುಕೊಂಡಿರುವ ಕಟ್ಟಳೆ ಒಂದೇ: ಹೊರಳಿಸಿದ ಚಿತ್ರದಲ್ಲಿ ಸಣ್ಣ ತಿದ್ದುಪಡಿ ಕಂಡರೆ ಮಾಡುವುದಿಲ್ಲ. ದೊಡ್ಡದು ಕಂಡರೆ ಮಾತ್ರ ಕುಂಚ ಎತ್ತುತ್ತೇನೆ. ಬಲಗಡೆಯ ಅರ್ಧ ಭಾಗವೇ ಬೇಡ, ಆಕಾಶ ಇಷ್ಟು ಮೇಲಿರಬಾರದು, ಈ ಆಕೃತಿ ಹೋಗಬೇಕು, ಈ ಬಗೆಯವು. ಮೂಲೆಯಲ್ಲಿ ಒಂದು ಚುಕ್ಕೆ ತಿಳಿಯಾಗಬೇಕು ಎನ್ನುವಷ್ಟೇ ಉಳಿದಿದ್ದರೆ ಚಿತ್ರ ಮುಗಿದಿದೆ, ಸಹಿ ಹಾಕುತ್ತೇನೆ.

ಅಮೂರ್ತ ಚಿತ್ರಗಳ ಕಲಾವಿದ ವಿ. ಎಸ್. ಗಾಯತೊಂಡೆ ವರ್ಷಕ್ಕೆ ಕೆಲವೇ ಕ್ಯಾನ್ವಾಸುಗಳನ್ನು ಮುಗಿಸುತ್ತಿದ್ದರು. ರೋಲರ್ ಮತ್ತು ಚಾಕುವಿನಿಂದ ಪದರದ ಮೇಲೆ ಪದರ ಹಾಕಿ, ತೆಗೆದು ಕೆಲಸ ಮಾಡುತ್ತಿದ್ದರು. ಅವರ ಚಿತ್ರಗಳಲ್ಲಿ ತಾಳ್ಮೆ ಕಾಣುತ್ತದೆ, ನಯ ಮಾಡಿದ ಕೈ ಕಾಣುವುದಿಲ್ಲ. ಹೀಗಾಗಿ ದೋಷ ಕಾಯುವುದರದ್ದು ಎಂದು ನಾನು ಒಪ್ಪಲಾರೆ.

ಒದ್ದೆ ಕಾಗದ:

ಗಾಯತೊಂಡೆಯವರನ್ನು ಎಳೆದು ತಂದಿರಿ, ನಾನು ಕೆ. ಕೆ. ಹೆಬ್ಬಾರರನ್ನು ಎದುರಿಗೆ ನಿಲ್ಲಿಸುತ್ತೇನೆ. ಅವರ ನರ್ತಕರ ರೇಖಾಚಿತ್ರಗಳಲ್ಲಿ ಗೆರೆ ಒಂದು ಸಲ ಹೊರಟರೆ ಹಿಂದಿರುಗುವುದಿಲ್ಲ, ಒಣಗುವ ಮಾತೂ ಇಲ್ಲ, ಕೆರೆಯುವ ಮಾತೂ ಇಲ್ಲ. ಲಯ ತಿಳಿಯಬೇಕೆಂದು ಅವರು ಕಥಕ್ ಕಲಿತಿದ್ದರು. ಕಾಯುವಿಕೆ ಅಲ್ಲಿ ದೇಹದೊಳಗೆ ಮೊದಲೇ ಆಗಿಹೋಗಿದೆ. ಹಾಳೆಯ ಮೇಲೆ ನಮಗೆ ಕಾಣುವುದು ಕೆಲವು ಕ್ಷಣಗಳ ಕೆಲಸ ಮಾತ್ರ. ಎಷ್ಟು ದಿನ ಹಿಡಿಯಿತು ಎಂದು ಅವರನ್ನು ಕೇಳಿದ್ದರೆ ಏನು ಹೇಳಬೇಕಿತ್ತು?

ಆದ್ದರಿಂದ ನಾನು ಮಾಧ್ಯಮಗಳ ಜಗಳಕ್ಕೆ ಇಳಿಯುವುದಿಲ್ಲ. ಎಣ್ಣೆ ನಿಮ್ಮನ್ನು ಮಧ್ಯದಲ್ಲಿ ನಿಲ್ಲಿಸುತ್ತದೆ, ನೀರು ನನ್ನನ್ನು ಆರಂಭದಲ್ಲಿಯೇ ನಿಲ್ಲಿಸುತ್ತದೆ. ಅಕ್ರಿಲಿಕ್ ಎಲ್ಲಿಯೂ ನಿಲ್ಲಿಸುವುದಿಲ್ಲ; ಅಲ್ಲಿ ನಿಲ್ಲುವ ಕೆಲಸ ನೀವೇ ಮಾಡಬೇಕು. ಹೊಸ ಬೋರ್ಡ್ ಎತ್ತಿಕೊಳ್ಳುವುದು ಅದೇ ಅಲ್ಲವೇ?

ಬೇಗ ಒಣಗುವ ಬಣ್ಣ:

ಅದೇ ಇರಬಹುದು. ಆದರೂ ಟರ್ಪೆಂಟೈನಿನ ವಾಸನೆ ನನಗೆ ಬೇಡ.

ಸಂಜೆ ಏಳರ ನಂತರ:

ಅಗಸೆ ಎಣ್ಣೆಯವರ ಚೀಟಿಯ ಉಪಾಯ ಪ್ರಯೋಗಿಸಿದೆ. ನಿನ್ನೆ ಕ್ಯಾನ್ವಾಸಿನ ಮುಂದೆ ನಿಂತ ಕೂಡಲೇ ಕೆಲಸ ಶುರುವಾಯಿತು. ದೀಪವನ್ನೂ ಬದಲಿಸಿದೆ. ನಾನು ಬರೆದ ಹಣ್ಣುಗಳೆಲ್ಲ ಅತಿಯಾದ ಹಳದಿ ಎಂದು ಈಗ ರಾತ್ರಿಯಲ್ಲೇ ಗೊತ್ತಾಗುತ್ತಿದೆ, ಬೆಳಗಿನವರೆಗೆ ಕಾಯಬೇಕಾಗಿಲ್ಲ. ಒಂದರ ಜೊತೆಗೆ ಎರಡನೆಯ ಚಿತ್ರ ಶುರು ಮಾಡಿದ್ದೇನೆ, ಮೊದಲನೆಯದು ಒಣಗುವಾಗ ಎರಡನೆಯದರ ಮೇಲೆ ಕೆಲಸ.

ಇನ್ನು ಮೂರು ಸಣ್ಣ ಪ್ರಶ್ನೆಗಳು. ಒಣಗಿದ ಚಿತ್ರದಲ್ಲಿ ಕಪ್ಪು ಹಾಕಿದ ಜಾಗ ಮಂಕಾಗಿ, ಬೂದಿ ಬಳಿದಂತೆ ಆಗಿದೆ. ಮೇಲೆ ಬಣ್ಣ ಹೊಂದಿಸಲು ಆಗುತ್ತಿಲ್ಲ, ಏನು ಮಾಡಲಿ? ಮಲಗುವ ಕೋಣೆಯಲ್ಲಿ ಟರ್ಪೆಂಟೈನ್ ಬಳಸುವುದು ಸರಿಯೇ? ಕುಂಚ ಒರೆಸಿದ ಬಟ್ಟೆಗಳನ್ನು ಒಂದು ಚೀಲದಲ್ಲಿ ತುಂಬಿಸಿ ಮಂಚದ ಕೆಳಗೆ ಇಡುತ್ತಿದ್ದೇನೆ, ಅವನ್ನು ಒಗೆದು ಮತ್ತೆ ಬಳಸಬಹುದೇ?

ಬಣ್ಣದ ಪುಡಿ:

ಮೂರನೆಯದಕ್ಕೆ ಮೊದಲು ಉತ್ತರ: ಆ ಚೀಲವನ್ನು ಇದನ್ನು ಓದಿದ ಕೂಡಲೇ ಮಂಚದ ಕೆಳಗಿನಿಂದ ಹೊರಗೆ ತೆಗೆಯಿರಿ. ಮೇಲೆ ಹೇಳಿದೆನಲ್ಲ, ಅಗಸೆ ಎಣ್ಣೆ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ ಎಂದು. ಆ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಕ್ಯಾನ್ವಾಸಿನ ಮೇಲೆ ಅದು ಗಾಳಿಗೆ ಹೋಗಿಬಿಡುತ್ತದೆ. ಮುದ್ದೆಯಾಗಿ ಒತ್ತಿ ತುಂಬಿದ ಬಟ್ಟೆಯೊಳಗೆ ಹೋಗಲು ದಾರಿಯಿಲ್ಲದೆ ಶಾಖ ಏರುತ್ತಾ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು, ಕಿಡಿಯೂ ಬೇಕಾಗಿಲ್ಲ. ಬಟ್ಟೆಗಳನ್ನು ಬಿಡಿಸಿ, ಒಂದರ ಮೇಲೊಂದು ಬೀಳದಂತೆ ಹೊರಗಡೆ ಹರಡಿ, ಪೂರ್ತಿ ಬಿರುಸಾಗುವವರೆಗೆ ಒಣಗಿಸಿ. ಅದಕ್ಕೆ ಜಾಗವಿಲ್ಲದಿದ್ದರೆ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಒಗೆದು ಮತ್ತೆ ಬಳಸುವ ಉಳಿತಾಯ ಬೇಡ.

ಟರ್ಪೆಂಟೈನ್ ಮಲಗುವ ಕೋಣೆಯಲ್ಲಿ ಬೇಡವೇ ಬೇಡ. ವಾಸನೆಯಿಲ್ಲದ್ದು ಎಂದು ಮಾರುವ ದ್ರಾವಕಗಳಲ್ಲೂ ಆವಿ ಇದ್ದೇ ಇರುತ್ತದೆ, ಮೂಗಿಗೆ ಗೊತ್ತಾಗುವುದಿಲ್ಲ ಅಷ್ಟೇ. ಕುಂಚವನ್ನು ಮೊದಲು ಬಟ್ಟೆಯಲ್ಲಿ ಒರೆಸಿ, ಅಡುಗೆಯ ಯಾವುದಾದರೂ ಎಣ್ಣೆಯಲ್ಲಿ ಅದ್ದಿ ಬಣ್ಣ ಬಿಡಿಸಿ, ಮತ್ತೆ ಒರೆಸಿ, ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಡುಗೆಯ ಎಣ್ಣೆ ಪೂರ್ತಿ ಹೋಗಬೇಕು. ಕೂದಲಿನಲ್ಲಿ ಉಳಿದರೆ ಮುಂದಿನ ಬಣ್ಣ ಸರಿಯಾಗಿ ಒಣಗುವುದಿಲ್ಲ. ಮೊದಲ ಪದರವನ್ನು ತೆಳ್ಳಗಾಗಿಸಲು ದ್ರಾವಕ ಬೇಕೆನಿಸಿದರೆ ಆ ಪದರವನ್ನು ಅಕ್ರಿಲಿಕ್‌ನಲ್ಲಿ ಹಾಕಿಕೊಳ್ಳಿ, ಅದರ ಮೇಲೆ ಎಣ್ಣೆ. ಬೇಗ ಒಣಗುವ ಬಣ್ಣದವರಿಗೂ ಸಂತೋಷವಾದೀತು.

ಕಪ್ಪು ಮಂಕಾದದ್ದು ಎಣ್ಣೆ ಕೆಳಗಿನ ಪದರಕ್ಕೆ ಇಂಗಿಹೋದ್ದರಿಂದ. ಮುಟ್ಟಲು ಒಣಗಿದ ಮೇಲೆ ಆ ಜಾಗಕ್ಕೆ ಅಗಸೆ ಎಣ್ಣೆಯನ್ನು ಬಹಳ ತೆಳ್ಳಗೆ ಸವರಿ, ಕೆಲವು ನಿಮಿಷ ಬಿಟ್ಟು, ನೂಲು ಬಿಡದ ಬಟ್ಟೆಯಿಂದ ಒರೆಸಿ ತೆಗೆಯಿರಿ. ನಿಜವಾದ ಕಪ್ಪು ಮತ್ತೆ ಕಾಣುತ್ತದೆ, ಆಗ ಬಣ್ಣ ಹೊಂದಿಸಬಹುದು. ಒರೆಸಿದ ಆ ಬಟ್ಟೆಯನ್ನೂ ಹರಡಿ ಒಣಗಿಸಿ.